ಪೀಠ ಒಲ್ಲದ ಕುರ್ಚಿ

ನಾನು ಒಂದು ಕುರ್ಚಿ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಸ್ವಲ್ಪ ಕಾಲ ಜನ ನನ್ನನ್ನು ಕುರ್ಚಿ ಎನ್ನುವುದನ್ನೇ ಬಿಟ್ಟಿದ್ದರು. ವಸ್ತು ಎಂದರು, ರೂಪ ಎಂದರು, ಕೃತಿ ಎಂದರು. ಎದುರಿಗೆ ನಿಂತು ತಲೆ ಓರೆ ಮಾಡಿಕೊಂಡು ಅಷ್ಟೆಲ್ಲ ಮಾತಾಡಿದವರಲ್ಲಿ ಒಬ್ಬರಿಗೂ ಒಮ್ಮೆ ಕೂತು ನೋಡೋಣ ಅನ್ನಿಸಲಿಲ್ಲ. ಅವರ ಹೊಗಳಿಕೆಯನ್ನು ಅವರೇ ಇಟ್ಟುಕೊಳ್ಳಲಿ. ನಾನು ಕುರ್ಚಿಯಾಗಿ ಹುಟ್ಟಿದೆ, ಈಗಲೂ ಕುರ್ಚಿಯೇ.

ಹುಟ್ಟಿದ್ದು ಮೈಸೂರಿನಲ್ಲಿ. ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಕೊಳವೆ ಬಗ್ಗಿಸಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ನನ್ನ ಎಲುಬು ಸಿದ್ಧ ಮಾಡಿದರು. ಆಮೇಲೆ ಕಣ್ಣು ಕಾಣದವರ ತರಬೇತಿ ಶಾಲೆಗೆ ಕಳಿಸಿದರು. ಅಲ್ಲಿ ಹಸಿರು ಪ್ಲಾಸ್ಟಿಕ್ ವೈರು ಹೆಣೆದು ನನ್ನನ್ನು ಕುರ್ಚಿ ಮಾಡಿದವನು ಪುಟ್ಟಸಿದ್ದ. ಹುಟ್ಟಿದಂದಿನಿಂದ ಬೆಳಕು ಕಾಣದವನು. ವೈರನ್ನು ಎಳೆದು ಬಿಗಿ ಮಾಡಿ, ಹೆಬ್ಬೆರಳಿನಿಂದ ಮೀಟಿ, ಕಿವಿ ಕೊಟ್ಟು ಕೇಳುತ್ತಿದ್ದ. ಸದ್ದು ಸಡಿಲ ಅನ್ನಿಸಿದರೆ ಗೊಣಗಿಕೊಂಡು ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ಎಲ್ಲ ಮುಗಿದ ಮೇಲೆ ತಾನೇ ನನ್ನ ಮೇಲೆ ಕೂತು, ಹಿಂದಕ್ಕೂ ಮುಂದಕ್ಕೂ ಮೈ ಆಡಿಸಿ ನೋಡಿದ. "ಹೂಂ, ಇನ್ ಯಾರ್ ಬೇಕಾದ್ರೂ ಕುಂತ್ಕಬೋದು" ಅಂದ. ನನ್ನ ನಾಮಕರಣ, ಆಶೀರ್ವಾದ ಎಲ್ಲವೂ ಅದರಲ್ಲೇ ಆಗಿಹೋಯಿತು.

ಅಲ್ಲಿಂದ ನಾನು ಹೋದದ್ದು ಲಕ್ಷ್ಮೀಪುರಂನ ಒಂದು ಹಳೆಯ ಮನೆಗೆ. ಅದರ ಮುಂದಿನ ಹಜಾರದಲ್ಲಿ ಶೇಷಗಿರಿರಾಯರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ನನ್ನಂಥ ಕುರ್ಚಿಗಳು ಸಾಲಾಗಿ ಇದ್ದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಟಕಟಕ ಸದ್ದು. ಕೆಲಸ ಸಿಕ್ಕೀತೆಂದು ಬಂದ ಹುಡುಗಿಯರು, ಸಿಗದೆ ಮತ್ತೆ ಬಂದ ಹುಡುಗಿಯರು, ಮದುವೆ ಗೊತ್ತಾಗುವವರೆಗೆ ಎಂದು ಬಂದವರು, ಎಲ್ಲರೂ ನನ್ನ ಮೇಲೆ ಕೂತರು. ರಾಯರು ಹಿಂದೆ ಓಡಾಡುತ್ತಾ "ಬೆನ್ನು ನೆಟ್ಟಗೆ!" ಎಂದು ಗದರುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಆ ಬೆನ್ನುಗಳು ಮೆಲ್ಲಗೆ ನನಗೊರಗುತ್ತಿದ್ದವು. ಪರೀಕ್ಷೆಯ ದಿನ ಅವರ ಮೈಯ ನಡುಕ ನನ್ನ ಕಾಲಿನವರೆಗೆ ಇಳಿದು ಬರುತ್ತಿತ್ತು. ಮನುಷ್ಯರ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ. ಭಾರ ಗೊತ್ತು. ಹೆದರಿದವರ ಭಾರ ಬೇರೆ, ದಣಿದವರದು ಬೇರೆ. ನಿರಾಳವಾಗಿ ಕೂತವರ ಭಾರ ಇನ್ನೂ ಬೇರೆ.

ಕಂಪ್ಯೂಟರು ಬಂತು, ಟೈಪ್‌ರೈಟರುಗಳು ಗುಜರಿಗೆ ಹೋದವು. ರಾಯರು ಮನೆ ಮಾರಿದರು. ಕೊಂಡವರು ಒಂದು ಟ್ರಸ್ಟಿನವರು. ಅಲ್ಲಿ ಆಧುನಿಕ ಕಲೆಯ ಗ್ಯಾಲರಿ ಮಾಡುವುದು ಅವರ ಆಸೆ. ನನ್ನ ಜೊತೆಯ ಕುರ್ಚಿಗಳನ್ನೆಲ್ಲ ಗುಜರಿಯವನು ಗಾಡಿಗೆ ಹೇರಿಕೊಂಡು ಹೋದ. ನಾನೊಬ್ಬನೇ ಉಳಿದೆ, ಏಕೆಂದರೆ ಬಣ್ಣ ಬಳಿಯುವವರು ನನ್ನ ಮೇಲೆ ಹತ್ತಿ ನಿಂತು ಗೋಡೆಗೆ ಬಿಳಿ ಹೊಡೆಯುತ್ತಿದ್ದರು. ಕೂರಲಿಕ್ಕೆಂದು ಹುಟ್ಟಿದವನ ಮೇಲೆ ನಿಲ್ಲುತ್ತಾರಲ್ಲ ಎಂದು ಕೋಪ ಬಂದಿತ್ತು. ಬಣ್ಣದ ಹನಿಗಳು ಮೈಮೇಲೆಲ್ಲ ಬಿದ್ದು ಒಣಗಿದವು. ಯಾರೂ ಒರೆಸಲಿಲ್ಲ.

ಗ್ಯಾಲರಿ ಶುರುವಾದಾಗ ಮ್ಯಾನೇಜರ್ ಉಮಾಪತಿಯವರು ನನ್ನನ್ನು ಒಳ ಹಾಲಿನ ಬಾಗಿಲ ಪಕ್ಕ ಹಾಕಿಸಿದರು. ಕಾವಲಿಗೆ ಬರುವವರು ಕೂರಲಿ ಎಂದು. ಹಾಗೆ ನನಗೆ ಸಿಕ್ಕವಳು ಚಿಕ್ಕತಾಯಮ್ಮ. ಎಲ್ಲರ ಬಾಯಲ್ಲಿ ಬರೀ ತಾಯಮ್ಮ. ನಂಜನಗೂಡಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸೀರೆಯ ಮೇಲೊಂದು ನೀಲಿ ಅಂಗಿ, ಅಂಗಿಯ ಮೇಲೆ ಸೆಕ್ಯೂರಿಟಿ ಏಜೆನ್ಸಿಯ ಬಿಲ್ಲೆ. ಮೊದಲ ದಿನ ಕೂತಾಗಲೇ ನನಗೆ ತಿಳಿಯಿತು, ಇವಳ ಕಾಲು ಸರಿಯಿಲ್ಲ. ಮೀನಖಂಡದಲ್ಲಿ ನರ ಉಬ್ಬಿ ಗಂಟು ಕಟ್ಟಿತ್ತು. ನಿಂತರೆ ಬಾತುಕೊಳ್ಳುತ್ತಿತ್ತು, ಕೂತರೆ ಇಳಿಯುತ್ತಿತ್ತು. ಈ ಸಂಗತಿ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ.

ಜನ ಬಂದಾಗ ಎದ್ದು ನಿಲ್ಲುವುದು, ಅವರು ಮುಂದಿನ ಕೋಣೆಗೆ ದಾಟಿದಾಗ ಕೂರುವುದು, ಇದು ಅವಳ ಕೆಲಸದ ರೀತಿ. ಯಾವ ಚಿತ್ರದ ಮುಂದೆ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಂದಾಜು ಮಾಡಿ ಆ ಸಂದಿಯಲ್ಲಿ ಕಾಲಿಗೆ ಬಿಡುವು ಕೊಡುತ್ತಿದ್ದಳು. ಹಾಲಿಗೆ ಏನೇನೋ ಬಂತು, ಹೋಯಿತು. ಒಬ್ಬರು ಹಳೆಯ ಬಾಗಿಲುಗಳನ್ನು ಸೂರಿನಿಂದ ನೇತುಹಾಕಿದರು. ಇನ್ನೊಬ್ಬರು ಗೋಡೆ ತುಂಬ ಸಮುದ್ರದ ವಿಡಿಯೋ ಹಾಕಿದರು. ತಾಯಮ್ಮನಿಗೆ ಅದು ಬಲು ಇಷ್ಟವಾಗಿತ್ತು. ನೋಡಲು ಬಂದವರು ಕೆಲವೊಮ್ಮೆ ಅವಳನ್ನೇ "ಇದರ ಅರ್ಥ ಏನಮ್ಮಾ?" ಎಂದು ಕೇಳುತ್ತಿದ್ದರು.

"ಗೊತ್ತಿಲ್ಲ ಕಣವ್ವ. ಮುಟ್ಬೇಡಿ ಅನ್ನದಷ್ಟೇ ನನ್ ಕೆಲ್ಸ. ಮುಟ್ಟಿದ್ರೆ ಅರ್ಥ ಆಯ್ತದೇನೋ!" ಎಂದು ನಗುತ್ತಿದ್ದಳು.

ಹೀಗಿರುವಾಗ ನನ್ನ ಸೀಟಿನ ನಡುವೆ ವೈರು ಕಡಿದು ಹಳ್ಳ ಬಿತ್ತು. ತಾಯಮ್ಮ ಮನೆಯಲ್ಲಿ ವೈರ್ ಬುಟ್ಟಿ ಹೆಣೆಯುತ್ತಿದ್ದಳು. ಉಳಿದಿದ್ದ ಹಳದಿ, ಕೆಂಪು ವೈರು ತಂದು, ಊಟದ ಬಿಡುವಿನಲ್ಲಿ ನೆಲದ ಮೇಲೆ ಕೂತು ನನ್ನನ್ನು ಮಡಿಲಿಗೆ ಅಡ್ಡ ಮಲಗಿಸಿಕೊಂಡು ತೇಪೆ ಹಾಕಿದಳು. ಹಸಿರಿನ ನಡುವೆ ಹಳದಿ, ಕೆಂಪು. ಚೆಂದವೋ ವಿಕಾರವೋ ನನಗೆ ಬೇಕಿರಲಿಲ್ಲ. ಮತ್ತೆ ಭಾರ ಹೊರುವಂತಾದೆನಲ್ಲ, ಹಿಗ್ಗಿಬಿಟ್ಟೆ.

ಆ ತೇಪೆಯೇ ನನಗೆ ಮುಳುವಾಯಿತು.

ಮೃಣಾಲಿನಿ ಎಂಬವರು ಬೆಂಗಳೂರಿನಿಂದ ಬಂದರು. ಪ್ರದರ್ಶನಗಳನ್ನು ಯೋಜಿಸಿ ಜೋಡಿಸುವುದು ಅವರ ವೃತ್ತಿ. ಈ ಸಲದ ಪ್ರದರ್ಶನದ ಹೆಸರು 'ಆಸನ', ಆಧುನಿಕ ವಿನ್ಯಾಸದ ಕುರ್ಚಿಗಳದ್ದು. ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಹುಲ್ಲು, ಸ್ಪಂಜು ತುಂಬಿಕೊಂಡು ಅತಿಥಿಗಳು ಬಂದಿಳಿದರು. ಒಂದಕ್ಕೆ ಕಾಲೇ ಇರಲಿಲ್ಲ. ಇನ್ನೊಂದಕ್ಕೆ ಕಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಗಾಜಿನಂತೆ ಪಾರದರ್ಶಕ, ಇದೆಯೋ ಇಲ್ಲವೋ ಎಂದು ತಡವಿ ನೋಡಬೇಕು. ಮೊದಮೊದಲು ನಾನು ಅವುಗಳನ್ನು ನೋಡಿ ಒಳಗೊಳಗೇ ನಕ್ಕೆ. ಆಮೇಲೆ, ಪ್ಲೈವುಡ್ಡನ್ನು ಬಗ್ಗಿಸಿ ಮಾಡಿದ ಒಂದು ಕುರ್ಚಿಯ ಅಂಚು ಸವೆದಿದ್ದು ಕಂಡಿತು. ಯಾರೋ ವರ್ಷಗಟ್ಟಲೆ ಅದರ ಮೇಲೆ ತೊಡೆಯಿಟ್ಟು ಕೂತಿದ್ದರು. ಪಾಪ, ಅದೂ ಒಂದು ಕಾಲದಲ್ಲಿ ನಮ್ಮವನೇ.

ಎಲ್ಲ ಜೋಡಿಸುತ್ತಿರುವಾಗ ಮೃಣಾಲಿನಿಯವರ ಕಣ್ಣು ನನ್ನ ಮೇಲೆ ಬಿತ್ತು.

"ಉಮಾಪತಿ, ಇದೆಲ್ಲಿಂದ ಬಂತು? ಈ ರಿಪೇರಿ ನೋಡಿ! ಈ ಬಿಳಿ ಹನಿ ನೋಡಿ!"

"ಅದು ಸೆಕ್ಯೂರಿಟಿಯವ್ರು ಕೂರೋ ಕುರ್ಚಿ ಮೇಡಂ."

"ಇದೇ ಬೇಕಾಗಿತ್ತು ನನಗೆ. ಇದನ್ನ ನಡುವೆ ಇಡೋಣ."

ಅಷ್ಟೇ. ಹಾಲಿನ ನಡುವೆ ಒಂದು ಬಿಳಿಯ ಪೀಠ ಬಂತು. ಅದರ ಮೇಲೆ ನಾನು. ತಲೆಯ ಮೇಲೆ ದೀಪ. ಸುತ್ತ ಹಗ್ಗ. ಕೆಳಗೊಂದು ಚೀಟಿ: 'ಕುರ್ಚಿ. ಕಬ್ಬಿಣ, ಪ್ಲಾಸ್ಟಿಕ್ ವೈರು. ತಯಾರಿಸಿದವರು ಅಜ್ಞಾತ. ದಯವಿಟ್ಟು ಮುಟ್ಟಬೇಡಿ.' ಅಜ್ಞಾತರಂತೆ! ನನ್ನನ್ನು ಹೆಣೆದವನು ಮುಟ್ಟಿ ಮುಟ್ಟಿಯೇ ಹೆಣೆದದ್ದು. ತೇಪೆ ಹಾಕಿದವಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ತಾಯಮ್ಮನಿಗಂತೂ ಮೊದಲ ದಿನ ಸಂಭ್ರಮವೋ ಸಂಭ್ರಮ. "ನಮ್ ಕುರ್ಚಿನೂ ಮೇಲ್ ಹತ್ತಿಸವ್ರೆ!" ಎಂದು ಕಸ ಗುಡಿಸುವವಳನ್ನು ಕರೆದು ತೋರಿಸಿದಳು. ತನಗೆ ಕೂರಲು ಇನ್ನೇನೂ ಉಳಿದಿಲ್ಲ ಎನ್ನುವುದು ಅವಳಿಗೆ ಗೊತ್ತಾಗಿದ್ದು ಮಧ್ಯಾಹ್ನ, ಕಾಲು ಜಗ್ಗತೊಡಗಿದಾಗ.

ಉಮಾಪತಿಯವರು ಒಳ್ಳೆಯವರೇ, ಆಫೀಸಿನಿಂದ ಒಂದು ಸ್ಟೂಲು ತಂದು ಕೊಟ್ಟರು. ಮಾರನೆಯ ದಿನ ನೋಡಬೇಕಿತ್ತು ಆ ಫಜೀತಿ. ತಾಯಮ್ಮ ಎದ್ದಾಗಲೆಲ್ಲ ಜನ ಸ್ಟೂಲಿನ ಸುತ್ತ ನಿಂತು ಅದರ ಚೀಟಿ ಎಲ್ಲಿದೆ ಎಂದು ಹುಡುಕಿದರು. ಅವಳು ಅದರ ಮೇಲೆ ಕೂತದ್ದನ್ನು ಕಂಡ ಒಬ್ಬ ಯಜಮಾನರು, ಇಲ್ಲಿ ಕೂರಬಹುದೆಂದು ತಿಳಿದು ಆ ಪಾರದರ್ಶಕ ಕುರ್ಚಿಯ ಮೇಲೆ ಆರಾಮಾಗಿ ಕೂತುಬಿಟ್ಟರು. ಮೃಣಾಲಿನಿಯವರು ಎದೆ ಒಡೆದುಕೊಂಡು ಓಡಿ ಬಂದರು. ಪ್ರದರ್ಶನ ಮುಗಿಯುವವರೆಗೆ ಹಾಲಿನಲ್ಲಿ ಬೇರೆ ಯಾವ ಆಸನವೂ ಕೂಡದೆಂದು ಅಪ್ಪಣೆಯಾಯಿತು. ಸ್ಟೂಲು ವಾಪಸು ಹೋಯಿತು. ಕುರ್ಚಿಗಳಿಂದ ತುಂಬಿದ ಆ ಹಾಲಿನಲ್ಲಿ ಕೂರಲು ಜಾಗವಿಲ್ಲದವಳು ತಾಯಮ್ಮ ಒಬ್ಬಳೇ.

ಅವಳು ನಿಂತಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸಿ ನಿಂತಳು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಪೀಠದ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಅವಳ ಪಾದ ಚಪ್ಪಲಿಯಿಂದ ಉಬ್ಬಿ ಹೊರಬರುತ್ತಿತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಖಾಲಿ ಸೀಟು ಹೊತ್ತುಕೊಂಡು ದೀಪದ ಕೆಳಗೆ ಮೆರೆಯುವುದಕ್ಕಿಂತ ಗುಜರಿಯವನ ಗಾಡಿಯೇ ವಾಸಿಯಿತ್ತು.

ಏಜೆನ್ಸಿಯ ಸೂಪರ್‌ವೈಸರ್ ಲೋಕೇಶಪ್ಪ ವಾರಕ್ಕೊಮ್ಮೆ ಬರುತ್ತಿದ್ದ. ತಾಯಮ್ಮ ಅವನಲ್ಲಿ ಕೇಳಿಕೊಂಡಳು. "ಸಾ, ಕಾಲು ಬಾತ್ಕತವೆ. ಹೊರಗ್ಲ ಗೇಟಿಗಾದ್ರೂ ಹಾಕ್ಬುಡಿ, ಅಲ್ಲಿ ಕಟ್ಟೆ ಅದೆ."

"ನಿಲ್ಲೋಕಾಗಲ್ಲ ಅಂದ್ರೆ ಹೇಳಮ್ಮ, ನಿಲ್ಲೋರು ಬೇಕಾದಷ್ಟು ಜನ ಅವ್ರೆ" ಅಂದ ಅವನು. ತಾಯಮ್ಮ ಬಾಗಿಲಿಗೆ ವಾಪಸು ಹೋಗಿ ನಿಂತಳು. ಆ ಕೆಲಸ ಹೋದರೆ ಈ ಕಾಲಿಟ್ಟುಕೊಂಡು ಇನ್ನೊಂದು ಕೆಲಸ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಮೃಣಾಲಿನಿಯವರು ಒಂದು ಗುಂಪನ್ನು ಕರೆದುಕೊಂಡು ಪ್ರದರ್ಶನ ವಿವರಿಸುತ್ತಾ ಬಂದರು. ನನ್ನ ಮುಂದೆ ನಿಂತರು. ಚೆನ್ನಾಗಿ ಮಾತಾಡುತ್ತಾರೆ, ಸುಳ್ಳು ಹೇಳಬಾರದು. "ಈ ಕುರ್ಚಿಯನ್ನು ನೋಡಿದಾಗ ನನಗೆ ಕಾಣುವುದು ದಣಿದ ದೇಹಗಳು" ಎಂದರು. "ಎಷ್ಟು ಜನ ದುಡಿದು ಸೋತು ಇದರ ಮೇಲೆ ಕೂತಿರಬಹುದು. ಈ ತೇಪೆ, ಆ ದಣಿವಿನ ಗುರುತು." ಗುಂಪು ತಲೆದೂಗಿತು. ಬಾಗಿಲಲ್ಲಿ ನಿಂತಿದ್ದ ತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

ನಡೆದು ಬಂದಳು. ಹಗ್ಗ ಎತ್ತಿ ನುಸುಳಿದಳು. ಪೀಠದ ಅಂಚಿಗೆ ಕೈಯೂರಿ, ಮೊಣಕಾಲಿಟ್ಟು, ಸೀರೆ ಸಾವರಿಸಿಕೊಂಡು ಹತ್ತಿದಳು. ಉಸ್ಸೆಂದು ನನ್ನ ಮೇಲೆ ಕೂತಳು. ಎಷ್ಟು ದಿನಗಳ ಮೇಲೆ ಬಂದ ಭಾರ ಅದು! ನನ್ನ ವೈರುಗಳೆಲ್ಲ ಕಿರ್ರೆಂದವು. ಅದು ನನ್ನ ಸಂತೋಷ. ಯಾರಿಗೆ ಏನು ಬೇಕಾದರೂ ಅನ್ನಿಸಲಿ.

ಹಾಲಿನ ತುಂಬ ಫೋನುಗಳು ಮೇಲೆದ್ದವು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು.

"ಯಾಕ್ ಚಪ್ಪಾಳೆ ಹೊಡೀತೀರಿ? ನಾಟ್ಕ ಅಲ್ಲ ಇದು. ಕಾಲ್ ನೋಯ್ತದೆ, ಕುಂತಿವ್ನಿ" ಅಂದಳು ತಾಯಮ್ಮ.

ಚಪ್ಪಾಳೆ ನಿಂತಿತು. ಮೃಣಾಲಿನಿಯವರ ಮುಖ ಅರಳಿತ್ತು. "ತಾಯಮ್ಮ, ಎಷ್ಟು ಚೆನ್ನಾಗಿದೆ ಇದು! ದಿನಾ ಹೀಗೇ ಕೂತ್ಕೋತೀರಾ? ಪ್ರದರ್ಶನ ಮುಗಿಯೋವರೆಗೂ?"

"ಮೇಡಮ್ಮೋರೆ, ನನ್ನ ಕೂರ್ಸಿ ತೋರುಸ್ಬೇಡಿ. ನಾನೇನ್ ಬೊಂಬೆಯಾ? ಕುರ್ಚಿ ಕೆಳಗಿಳ್ಸಿ. ಬಾಗ್ಲಲ್ಲಿ ಕುಂತ್ಕಂಡು ನನ್ ಕೆಲ್ಸ ಮಾಡ್ತೀನಿ."

ಉಮಾಪತಿಯವರು ಗಾಬರಿಯಾಗಿ ಓಡಿ ಬಂದರು. ತಾಯಮ್ಮ ತಾನೇ ಇಳಿದು ನನ್ನ ಒಂದು ತೋಳು ಹಿಡಿದಳು. "ಆ ಕಡೆ ಒಂದ್ ಕೈ ಹಾಕಿ ಸಾ" ಅಂದಳು. ಅಭ್ಯಾಸ ಬಲದಿಂದಲೋ ಏನೋ, ಅವರು ಕೈ ಹಾಕಿಯೇಬಿಟ್ಟರು. ಇಬ್ಬರೂ ನನ್ನನ್ನು ಬಾಗಿಲ ಪಕ್ಕ ತಂದಿಟ್ಟರು. ತಾಯಮ್ಮ ಕೂತಳು. ತಾನೇನು ಮಾಡಿದೆನೆಂದು ಉಮಾಪತಿಯವರಿಗೆ ಆಗ ಹೊಳೆದು, ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

ಸುದ್ದಿ ಮುಟ್ಟಿ ಲೋಕೇಶಪ್ಪ ಸ್ಕೂಟರಿನಲ್ಲಿ ಬಂದಿಳಿದ. ಅವನು ಬಂದನೆಂದರೆ ತಾಯಮ್ಮ ಎದ್ದು ಸೆಲ್ಯೂಟ್ ಹೊಡೆಯಬೇಕು, ಅದು ಏಜೆನ್ಸಿಯ ನಿಯಮ.

"ಏನಮ್ಮಾ, ನಾನು ಬಂದಿರೋದು ಕಾಣ್ತಿಲ್ವಾ? ಏಳು ಮೇಲೆ."

"ಕಾಣ್ತದೆ ಸಾ. ಅದೇನ್ ಹೇಳಿ, ಕುಂತ್ಕಂಡೇ ಕೇಳ್ತೀನಿ. ಕಿವಿ ಚೆಂದಾಗವೆ, ಕಾಲೇ ಸರ್ಯಾಗಿಲ್ಲ."

ಅವಳ ಧ್ವನಿ ನಡುಗಲಿಲ್ಲ. ಆದರೆ ಅವಳ ತೊಡೆ ನಡುಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ನನ್ನ ಕೈಲಾದದ್ದು ಒಂದೇ, ಅಲುಗಾಡದೆ ನಿಂತೆ. ನಾಳೆಯಿಂದ ಬರಬೇಡ ಎಂದು ಲೋಕೇಶಪ್ಪ ಕೂಗಾಡಿದ. ಜನ ಸೇರಿದರು. ಆಗ ಮೃಣಾಲಿನಿಯವರು ಮುಂದೆ ಬಂದರು. ಅರಳಿದ್ದ ಅವರ ಮುಖ ಇಳಿದುಹೋಗಿತ್ತು.

"ದಣಿದವರು ಕೂರೋ ಕುರ್ಚಿ ಅಂತ ಇಷ್ಟು ದಿನ ಎಲ್ಲರಿಗೂ ಹೇಳ್ಕೊಂಡು ಬಂದೋಳು ನಾನು. ಅವರು ಕೂತರು. ಅವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸ್ಬೇಕಾಗುತ್ತೆ" ಎಂದರು. ಉಮಾಪತಿಯವರು ಟ್ರಸ್ಟಿಗೆ ಫೋನು ಹಚ್ಚಿದರು. ಮಾತು ಉದ್ದವಾಗಿ ನಡೆಯಿತು. ಅಷ್ಟು ಹೊತ್ತೂ ತಾಯಮ್ಮ ಏಳಲಿಲ್ಲ. ಕೊನೆಗೆ ಸ್ಕೂಟರು ಬಂದ ದಾರಿಯಲ್ಲೇ ವಾಪಸು ಹೋಯಿತು.

ಪೀಠ ಪ್ರದರ್ಶನ ಮುಗಿಯುವವರೆಗೂ ಖಾಲಿ ಇತ್ತು. ಜನ ಚೀಟಿ ಓದಿ, ಕುರ್ಚಿ ಎಲ್ಲಿ ಎಂದು ತಿರುಗಿ ನೋಡಿ, ಬಾಗಿಲಲ್ಲಿ ತಾಯಮ್ಮನ ಕೆಳಗಿದ್ದ ನನ್ನನ್ನು ಗುರುತು ಹಿಡಿಯುತ್ತಿದ್ದರು. ನಾವೂ ಕೂರಬಹುದಾ ಎಂದು ಕೇಳಿದವರಿಗೆ ಅವಳು "ನಾನು ಊಟಕ್ಕೋದಾಗ ಕುಂತ್ಕಳಿ" ಅನ್ನುತ್ತಿದ್ದಳು. ಈಗ ಉಳಿದ ಕೋಣೆಗಳ ಕಾವಲಿನವರಿಗೂ ಕುರ್ಚಿ ಬಂದಿದೆ. ಅಂಗಡಿಯಿಂದ ತಂದ ಹೊಸ ಪ್ಲಾಸ್ಟಿಕ್ಕಿನವು. ಯಾರೂ ಅವುಗಳ ಫೋಟೋ ತೆಗೆಯುವುದಿಲ್ಲ.

ನನಗೀಗ ವಯಸ್ಸಾಗಿದೆ. ಕಾಲಿನ ರಬ್ಬರು ಉದುರಿದೆ, ಬೆಸುಗೆಯ ಬಳಿ ತುಕ್ಕು ಹತ್ತಿದೆ. ನನ್ನನ್ನು ಕಾಪಾಡಬೇಕು, ಗಾಜಿನೊಳಗಿಡಬೇಕು ಎಂದು ಆಗಾಗ ಯಾರಾದರೂ ಹೇಳುತ್ತಾರೆ. ಕಾಪಾಡುವುದಂತೆ! ಮುರಿಯುವುದಾದರೆ ನಾನು ಭಾರ ಹೊತ್ತುಕೊಂಡೇ ಮುರಿಯುತ್ತೇನೆ. ಬಿದ್ದವರು ಬೈದರೆ ಬೈಸಿಕೊಳ್ಳುತ್ತೇನೆ. ಇನ್ನೊಮ್ಮೆ ನನ್ನನ್ನು ಪೀಠಕ್ಕೇರಿಸಲು ಬರುವವರು ಮೊದಲು ತಾಯಮ್ಮನನ್ನು ಎಬ್ಬಿಸಬೇಕು. ಎಬ್ಬಿಸಿ ನೋಡಲಿ.