ಅದೇ ಹಸಿರು ಬಟ್ಟೆ, ಬೇರೆ ಮುಖ

ಬೇಡದ ಕೆಲಸ ಬಂದಾಗಲೆಲ್ಲ ಚಿತ್ರಗಾರ್ತಿಯ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: ಕೈತುಂಬ ಕೆಲಸವಿದೆ. ಇಲ್ಲ ಎನ್ನುವ ಎರಡಕ್ಷರಕ್ಕೆ ಹೆರಿಗೆ ನೋವು ತಿನ್ನುತ್ತೀಯಲ್ಲ ಎಂದು ಅತ್ತೆ ಆಗಾಗ ಚುಚ್ಚುತ್ತಿದ್ದರು.

ಆ ದಿನವೂ ಅವಳು ಅದನ್ನೇ ಹೇಳಿದಳು. ಎದುರಿಗಿದ್ದ ಗಡಿಯಾರದಂಗಡಿಯವನು ಮನೆಯ ಗೋಡೆಯಿಂದ ಇಳಿಸಿ ತಂದ ಚಿತ್ರವನ್ನು ಕುರ್ಚಿಗೆ ಒರಗಿಸಿದ್ದ. ಕೆಲವು ವರ್ಷಗಳ ಹಿಂದೆ ಅವಳೇ ಬರೆದದ್ದು: ಅವನು, ಅವನ ಹೆಂಡತಿ, ನಡುವೆ ಮಗಳು. ಹಸಿರು ಬಟ್ಟೆ ತೊಟ್ಟ ಹೆಂಡತಿಯ ಕೈ ಮಗಳ ಹೆಗಲ ಮೇಲಿದೆ. ಆ ಹೆಂಡತಿ ಈಗ ಬದುಕಿಲ್ಲ. ಹೋದ ತಿಂಗಳು ಹೊಸಬಳು ಮನೆಗೆ ಬಂದಿದ್ದಾಳೆ. ಬಟ್ಟೆ, ಕೈ ಎಲ್ಲ ಹಾಗೇ ಇರಲಿ, ಮುಖವೊಂದನ್ನು ಹೊಸಬಳದ್ದು ಮಾಡಿಕೊಡಿ ಎಂದು ಅವನು ಅವಳ ಫೋಟೋ ಮುಂದಿಟ್ಟ. ಚಿತ್ರ ಹೋದಲ್ಲಿಗೆ ತಾನೂ ಎಂದು ಹೊರಟುಬಂದ ಮಗಳು ಚೌಕಟ್ಟಿನ ಮೂಲೆ ಹಿಡಿದು ನಿಂತಿದ್ದಳು.

ಕೈತುಂಬ ಕೆಲಸವೆಂದರೆ ಕಾಯುತ್ತೇನೆಂದ. ಹಳೇ ಬಣ್ಣದ ಮೇಲೆ ಹೊಸದು ಕೂರುವುದಿಲ್ಲವೆಂದರೆ ಕೆರೆದು ತೆಗೆಯಿರಿ ಎಂದ. ಹುಡುಗಿಯ ಬೆರಳುಗಳು ಬಿಳಿಚಿಕೊಂಡವು. ಬಣ್ಣ ಕೆರೆಯುವ ಚಾಕು ಮೇಜಿನ ಮೇಲೇ ಇತ್ತು. ಚಿತ್ರಗಾರ್ತಿ ಮೆಲ್ಲನೆ ಅದರ ಮೇಲೆ ಅರಿವೆ ಎಳೆದಳು. ಭುಜ ಬೇರೆ ನೋಯುತ್ತಿದೆ ಎಂದಳು.

"ಹಾಗಿದ್ರೆ ಬೋರ್ಡ್ ಬರೆಯೋನಿಗೆ ಕೊಡ್ತೀನಿ ಬಿಡಿ. ಸಂಜೆಯೊಳಗೆ ಮುಗಿಸ್ತಾನೆ," ಎಂದು ಅವನು ಎದ್ದೇಬಿಟ್ಟ.

ಚಿತ್ರಗಾರ್ತಿಗೆ ಆಗ ಹೊಳೆಯಿತು: ತನ್ನ ನಯದ ಮಾತುಗಳೇ ಆ ಮುಖವನ್ನು ಬೋರ್ಡಿನವನ ಕೈಗೆ ದಾಟಿಸುತ್ತಿದ್ದವು. ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದೂ ನಿಂತಿತ್ತು.

"ಅಣ್ಣಾ, ಕೂತ್ಕೊಳ್ಳಿ. ಕೆಲಸ ಇದೆ ಅಂದಿದ್ದು ಸುಳ್ಳು, ಭುಜಾನೂ ನೋಯ್ತಿಲ್ಲ. ನಾನು ಇದನ್ನ ಮಾಡಲ್ಲ. ದಯವಿಟ್ಟು ಬೇರೆಯವರ ಕೈಲೂ ಮಾಡಿಸ್ಬೇಡಿ. ಮೂವರೂ ಬಂದು ಕೂತ್ರೆ ಹೊಸದೊಂದು ಬರ್ಕೊಡ್ತೀನಿ. ಇದು ಇವಳಮ್ಮಂದು."

ಅವನು ಕೂರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿಕೊಂಡ. ಮನೆಯಲ್ಲಿ ಹುಡುಗಿ ಮಾತಾಡುವುದು ಈ ಚಿತ್ರದ ಜೊತೆ ಮಾತ್ರ. ಹೊಸಬಳು ಊಟಕ್ಕೆ ಕರೆದರೂ ತಿರುಗಿ ನೋಡುವುದಿಲ್ಲ. ಚಿತ್ರದಲ್ಲಿ ಹೊಸಬಳೇ ಇದ್ದರೆ ಅವಳ ಜೊತೆಯೂ ನಾಲ್ಕು ಮಾತಾಡಿಯಾಳು ಎಂದುಕೊಂಡಿದ್ದ.

"ಇದೂ ಇಲ್ದಿದ್ರೆ ಯಾರ ಜೊತೆ ಮಾತಾಡ್ತಾಳೆ?" ಎಂದಳು ಚಿತ್ರಗಾರ್ತಿ.

ಅವನು ಚಿತ್ರವನ್ನೆತ್ತಿ ಕಂಕುಳಿಗೆ ಸೇರಿಸಿ ಹೊರಟ. ಹುಡುಗಿ ಚೌಕಟ್ಟಿನ ಮೂಲೆ ಬಿಡಲಿಲ್ಲ. ಒಮ್ಮೆ ಜಗ್ಗಿದ, ಅವಳು ಕಾಲೆಳೆದುಕೊಂಡು ಹಿಂದೆಯೇ ಬಂದಳೇ ಹೊರತು ಕೈ ಸಡಿಲಿಸಲಿಲ್ಲ. ಬಾಗಿಲಲ್ಲಿ ಅವನು ನಿಂತ.

"ಎಲ್ಲಿ ಹಾಕ್ಲಿ?" ಎಂದ, ಮಗಳ ಕಡೆ ನೋಡದೆ.

"ನನ್ ಹಾಸಿಗೆ ಹತ್ರ." ಹುಡುಗಿ ಮತ್ತೆ ಹೇಳಿದಳು, "ಮೊಳೆ ಗಟ್ಟಿಯಾಗಿ ಹೊಡೀಬೇಕು."

ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು, ಅಪ್ಪ ಮಗಳು ಮೆಟ್ಟಿಲಿಳಿದರು.