ಟ್ರ್ಯಾಕ್ಟರಿನ ಪೆನ್‌ಡ್ರೈವ್

ತಪ್ಪು ಕಂಪ್ಯೂಟರಿನದಲ್ಲ, ನನ್ನದೇ. ಅದು ಕೇಳಿಯೇ ಅಳಿಸಿತ್ತು.

ಬನವಾಸಿ ರಸ್ತೆಯಲ್ಲಿ ನನ್ನದೊಂದು ಅರ್ಜಿ ತುಂಬುವ ಅಂಗಡಿ. ಹೋದ ತಿಂಗಳು ಕಂಪ್ಯೂಟರ್ ಎರಡು ದಿನ ಮಲಗಿತು. ಶಿರಸಿಯಿಂದ ಬಂದು ರಿಪೇರಿ ಮಾಡಿದ ಪವನ್, "ಇದು ಮತ್ತೆ ಕೈ ಕೊಡ್ತದೆ. ಚೊಲೋ ಇದ್ದಾಗ್ಲೇ ಒಂದು ರಿಕವರಿ ಪೆನ್‌ಡ್ರೈವ್ ಮಾಡಿ ಇಟ್ಕಳಿ. ಏಳದಿದ್ರೆ ಅದನ್ನ ಹಾಕಿ ಎಬ್ಬಿಸ್ಬಹುದು" ಎಂದ.

ನಾನು ಮಹಾ ಜಾಣ ನೋಡಿ! ಹೊಸದು ತರಲು ಶಿರಸಿಗೆ ಯಾರು ಹೋಗುತ್ತಾರೆಂದು ಅಣ್ಣನ ಟ್ರ್ಯಾಕ್ಟರಿನ ಟೇಪಿನಿಂದ ಪೆನ್‌ಡ್ರೈವ್ ಕಿತ್ತು ತಂದೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲದಿದ್ದರೂ ಪೆನ್‌ಡ್ರೈವ್ ಇರುತ್ತದೆ. ಅದರಲ್ಲೇನು, ಸಿನಿಮಾ ಹಾಡು, ಮತ್ತೆ ತುಂಬಿಕೊಟ್ಟರಾಯಿತು. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ' ಎಂದು ಪರದೆಯ ಮೇಲೆ ಬಂತು. ಊರವರ ಅರ್ಜಿಯನ್ನು ಮೂರು ಸಲ ಓದುವವನು, ಇದನ್ನು ನೋಡಿಯೂ ನೋಡದಂತೆ ಒತ್ತಿದೆ.

ಸಂಜೆ ಅಣ್ಣ ಪರಮೇಶ್ವರಪ್ಪ ಬಂದ. "ಗಿರೀಶಾ, ಟೇಪಿನಾಗಿನ ಪೆನ್‌ಡ್ರೈವ್ ನೋಡಿಯೇನು? ಅದ್ರಾಗ ನಮ್ಮ ಸಿಡಿಲಿನ ಓಟ ಐತಿ."

ಸಿಡಿಲು ನಮ್ಮ ಹೋರಿ. ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ನಾಲ್ಕು ವರ್ಷ ಅದರ ಕೊರಳಿನ ಕೊಬ್ಬರಿ ಹಾರ ಯಾರ ಕೈಗೂ ಸಿಕ್ಕಿರಲಿಲ್ಲ. ಹೋದ ವರ್ಷ ಚರ್ಮಗಂಟು ರೋಗಕ್ಕೆ ಸತ್ತಿತು. ಅಖಾಡದ ಮೈಕಿನವನ ಕೂಗು, ಜನರ ಶಿಳ್ಳೆ, ಓಟ ಮುಗಿಸಿ ಅಣ್ಣನನ್ನು ಕಂಡು ಅದು ಹಾಕಿದ ಗುಟುರು, ಎಲ್ಲವೂ ಆ ಪೆನ್‌ಡ್ರೈವಿನಲ್ಲಿತ್ತು. ರೆಕಾರ್ಡ್ ಮಾಡಿದ ಮೊಬೈಲು ಕೆರೆಗೆ ಬಿದ್ದು ಹಾಳಾಗಿತ್ತು. ಉಳುವಾಗ ಅಣ್ಣ ಅದನ್ನೇ ಕೇಳುತ್ತಿದ್ದ. ಗೊತ್ತಿರಲಿಲ್ಲ ಅನ್ನಲೇ? "ಒಂದು ಕಾಪಿ ನಿನ್ನ ಕಂಪ್ಯೂಟರ್‌ನಾಗ ಇಡೋ ತಮ್ಮಾ" ಎಂದು ಯುಗಾದಿಯಲ್ಲೇ ಹೇಳಿದ್ದ. ನಾಳೆ ಎಂದಿದ್ದೆ, ಮರೆತೇಬಿಟ್ಟಿದ್ದೆ. ಥೂ ನನ್ನ! ಅಳಿಸಿದ್ದನ್ನು ಅಣ್ಣನಿಗೆ ಹೇಳಿ ಪವನ್‌ನನ್ನು ಕರೆಸಿದೆ.

ಪವನ್ ಮೂರು ತಾಸು ಹುಡುಕಿ, "ಅದರ ಮೇಲೇ ಬೇರೆದು ಬರೆದುಹೋಗಿದೆ" ಎಂದು ಕೈಚೆಲ್ಲಿದ.

ಅಣ್ಣ ನಾಲ್ಕು ಬಾರಿಸಿದ್ದರೆ ಹಗುರಾಗುತ್ತಿದ್ದೆ. "ನಿನ್ನ ಮಶೀನು ಸತ್ರ ಇದ್ರಿಂದ ಏಳ್ತೈತೇನು?" ಎಂದಷ್ಟೇ ಕೇಳಿದ.

"ಏಳ್ತೈತಿ."

"ಹಂಗಾರ ಜ್ವಾಪಾನ ಇಟ್ಗ" ಎಂದು ಎದ್ದು ಹೋದ.

ಮರುದಿನ ಬುತ್ತಿ ಕೊಡಲು ಗದ್ದೆಗೆ ಹೋದೆ. ಟೇಪು ಬಂದ್ ಆಗಿತ್ತು. ಟ್ರ್ಯಾಕ್ಟರಿನ ಸದ್ದಿಗಿಂತ ಮೇಲೆ ಅಣ್ಣನೇ ಮೈಕಿನವನ ಹಾಗೆ ಕೂಗುತ್ತಿದ್ದ: "ಬಂತು ಬಂತು ಸಿಡಿಲು! ದಾರಿ ಬಿಡ್ರೋ, ದಾರಿ ಬಿಡ್ರಿ!" ಒಂದು ಮಾತೂ ತಪ್ಪಿರಲಿಲ್ಲ. ಗುಟುರು ಬರಬೇಕಾದಲ್ಲಿ ಮಾತ್ರ ಸುಮ್ಮನಾದ.