ಮಕ ಕೊಟ್ಟು ಮಾತು

ಹಾಳಾದ್ದು ಈ ಟವರು! ಹೀಗೆ ಬೈಯುವ ಹಕ್ಕು ಊರವರಿಗೆಲ್ಲ ಇದೆ, ನನಗೆ ಮಾತ್ರ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಮೊಬೈಲ್ ಟವರುಗಳನ್ನು ನೆಟ್ಟಗಿಡುವುದೇ ನನ್ನ ಉದ್ಯೋಗ. ನೆಂಟರ ಮನೆಗೆ ಹೋದರೂ ಅಷ್ಟೆ. "ಬಾ ರಂಜಿತ, ಕಾಫಿ ಕುಡಿ" ಅನ್ನುವ ಮೊದಲು "ಸಿಗ್ನಲ್ಲು ಯಾಕವ್ವ ಬರಾಕಿಲ್ಲ" ಅಂತಾರೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೇನೆ.

ನನ್ನಜ್ಜಿ ಪಾರ್ವತಮ್ಮ ಬೈದದ್ದು ಮಾತ್ರ ನಾಟಿತು.

"ನಿನ್ ಟವರ್ಗೆ ಬೆಂಕಿ ಬೀಳ! ಬೆಟ್ಟಿ ಮಾತೆಲ್ಲ ತುಂಡು ತುಂಡಾಯ್ತದೆ ಕಣವ್ವ. ಅವ್ಳು ನಕ್ಕಳಾ, ಅತ್ತಳಾ, ಒಂದೂ ಗೊತ್ತಾಗಕಿಲ್ಲ."

ಬೆಟ್ಟಿ ಅಂದರೆ ಬೆಟ್ಟಮ್ಮ, ಅಜ್ಜಿಯ ತಂಗಿ. ಬೂಕನಕೆರೆ ದಾಟಿ ಒಂದಷ್ಟು ದೂರ ಹೋದರೆ ಸಿಗುವ ಕೆರೆಯೊಂದರ ಈ ದಡದ ಕೊಪ್ಪಲಿಗೆ ಅಕ್ಕ, ಆ ದಡದ ಕೊಪ್ಪಲಿಗೆ ತಂಗಿ ಸೊಸೆಯಾಗಿ ಬಂದವರು. ಈ ದಡದಲ್ಲಿ ನೀರಿಗೆ ಚಾಚಿಕೊಂಡ ಒಂದು ಹಾಸುಬಂಡೆ ಇದೆ. ಅದಕ್ಕೆ ಕೂಗುಗಲ್ಲು ಅಂತಲೇ ಹೆಸರು.

ಬೇಸಗೆ ರಜದಲ್ಲಿ ಅಜ್ಜಿಯ ಪಕ್ಕ ನಾನೂ ಅದರ ಮೇಲೆ ಕೂತಿರುತ್ತಿದ್ದೆ. ದನ ಕಟ್ಟಿ, ಕೈಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ಅಜ್ಜಿ ಕೂಗುತ್ತಿದ್ದಳು.

"ಬೆಟ್ಟೀ... ಏನ್ ಸಾರೇ ಇವತ್ತು?"

ನೀರಿನ ಮೇಲಿಂದ ಉತ್ತರ ಬರುತ್ತಿತ್ತು. "ಉಪ್ಸಾರು ಕಣಕ್ಕೋ!"

ಎಮ್ಮೆ ಕರು ಹಾಕಿದ್ದು, ಸೊಸೆ ಮುನಿಸಿಕೊಂಡದ್ದು, ಎಲ್ಲ ಹೀಗೇ ದಾಟುತ್ತಿದ್ದವು. ಊರಿಗೆಲ್ಲ ಕೇಳಿಸಿದರೂ ಅವರಿಗೆ ಅದು ಗುಟ್ಟೇ. ಕೊನೆಗೆ ಇಬ್ಬರೂ ಒಂದೊಂದು ಕೈ ಮೇಲೆತ್ತುತ್ತಿದ್ದರು. "ಕಂಡ್ತು!" "ನಿಂದೂ ಕಂಡ್ತು!" ಅಲ್ಲಿಗೆ ದೀಪ ಹಚ್ಚುವ ಹೊತ್ತು. ನಾನೊಮ್ಮೆ ಎತ್ತಲೋ ನೋಡುತ್ತಾ ಚಿಕ್ಕಜ್ಜಿಯನ್ನು ಕೂಗಿದೆ. ಅಜ್ಜಿ ತಲೆ ಮೇಲೆ ಮೊಟಕಿದಳು. "ಮಕ ಕೊಟ್ಟು ಕೂಗೇ. ಬೆನ್ನಾಕದು ಮಾತು ಬುಟ್ಟೋರು."

ಆ ಸಂಜೆಗಳು ಈಗಲೂ ಮೂಗಿನಲ್ಲೇ ಇವೆ. ಕೆರೆಯ ಪಾಚಿ ವಾಸನೆ, ಹಿಂದಿನಿಂದ ಯಾರದೋ ಮನೆಯ ಬೆಳ್ಳುಳ್ಳಿ ಖಾರದ ಘಾಟು. ನನ್ನ ನಾಲ್ಕು ತಾಲ್ಲೂಕಿನ ಟವರುಗಳು ಒಟ್ಟು ಸೇರಿದರೂ ಮಾತನ್ನು ಅಷ್ಟು ಚೆನ್ನಾಗಿ ದಾಟಿಸಿದ್ದು ನಾನು ಕಾಣೆ.

ಹೋದ ವರ್ಷ ಬೆಟ್ಟಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಏಳುವ ಹಾಗಿಲ್ಲ. ಅವಳ ಮಂಚ ಈಗ ಒಳಕೋಣೆಯಲ್ಲಿದೆ. ನಾನು ಹೋಗಿ ನೋಡಿದ್ದೇನೆ, ಆ ಕೋಣೆಗೆ ಕಿಟಕಿಯೇ ಇಲ್ಲ. ಅವಳ ಕಿವಿಯೂ ಮಂದ. ಅಜ್ಜಿಗೆ ಕೆರೆ ಸುತ್ತಿ ಹೋಗಲು ಮಂಡಿ ಬಿಡುವುದಿಲ್ಲ. ಹೀಗಾಗಿ ಬೆಟ್ಟಮ್ಮನ ಮಗ ಕೃಷ್ಣಮಾಮ ಇಬ್ಬರಿಗೂ ಒಂದೊಂದು ಫೋನು ತಂದುಕೊಟ್ಟ. ಸಂಜೆ ಅಕ್ಕನ ದನಿ ಕೇಳಿದರೇ ಆಕೆ ಮುದ್ದೆ ಮುಟ್ಟುವುದು. ಅಜ್ಜಿಯೋ, ಕೈಯಲ್ಲಿ ಫೋನಿದ್ದರೂ ಕೂಗುಗಲ್ಲಿಗೇ ಹೋಗಿ, ಆ ದಡಕ್ಕೆ ಮುಖ ಮಾಡಿ ನಿಂತೇ ಮಾತಾಡಬೇಕು.

ಅಲ್ಲೇ ಇದ್ದದ್ದು ಎಡವಟ್ಟು. ಫೋನು ತನ್ನ ಪಾಡಿಗೆ ಸುಮ್ಮನಿರುವುದಿಲ್ಲ. ಯಾವ ದಿಕ್ಕಿಗೆ ಕಳಿಸಿದರೆ ತನಗೆ ಚೆನ್ನಾಗಿ ಕೇಳುತ್ತದೆ ಅಂತ ಟವರಿಗೆ ಹೇಳುತ್ತಲೇ ಇರುತ್ತದೆ, ಟವರು ಅತ್ತ ಕಳಿಸುತ್ತದೆ. ಕೂಗುಗಲ್ಲಿನ ಮೇಲಿನ ಫೋನು ಕೇಳುವುದು ಕೆರೆಯ ದಿಕ್ಕನ್ನೇ. ನಮ್ಮ ಟವರು ಅತ್ತ ಕಳಿಸಿದ ಅಲೆ ಕಲ್ಲಿಗೆ ನಿಲ್ಲದೆ ನೀರು ದಾಟಿ, ಆಚೆ ಟವರಿಗೂ ಬೆಟ್ಟಮ್ಮನ ಫೋನಿಗೂ ನಡುವೆ ಹೋಗಿಬರುವ ಮಾತಿನ ಮೇಲೆ ಬಿದ್ದು ಅದನ್ನು ತುಂಡರಿಸುತ್ತಿತ್ತು. ಮದ್ದು ಒಂದೇ. ಕೆರೆಯ ದಿಕ್ಕನ್ನು ಯಾವ ಫೋನೂ ಕೇಳಕೂಡದು ಅಂತ ನಮ್ಮ ಟವರು ಕಟ್ಟಳೆ ಹಾಕಬೇಕು. ಹಾಕಿಸಿದೆ. ಆಚೆ ದಡ ತಿಳಿಯಾಯಿತು. ಈಚೆ ಕೂಗುಗಲ್ಲಿನ ಮೇಲೆ ಸಿಗ್ನಲ್ಲು ಸತ್ತಿತು.

ಟವರಿನ ಬೇರೆ ದಿಕ್ಕಿನ ಅಲೆ ಬೀಳುವ ನಮ್ಮ ಮನೆಯ ಹಿತ್ತಲಲ್ಲಿ ಮಾತ್ರ ಸಿಗ್ನಲ್ಲು ಸಿಗುತ್ತಿತ್ತು. ಅದೂ ಊರ ಹಿಂದಿನ ಕಲ್ಲುಗುಡ್ಡ ಮೊರಡಿಯ ಮೇಲಿನ ಟವರಿಗೆ ಮುಖ ಮಾಡಿ ಕೂತರೆ. ಕೆರೆಯ ಕಡೆ ತಿರುಗಿದರೆ ಮೈಯೇ ಅಡ್ಡ ಬಂದು ದನಿ ತೊದಲುತ್ತಿತ್ತು.

"ಬೆಟ್ಟಿಗೆ ಬೆನ್ನಾಕಂಡು ಮಾತಾಡಾನಾ?" ಅಜ್ಜಿ ಫೋನನ್ನು ಜಗಲಿ ಮೇಲೆ ಕುಕ್ಕಿದಳು. "ನಾವೇನು ಮಾತು ಬುಟ್ಟಿದ್ದೀವಾ? ಅಷ್ಟೊಂದು ಓದಿ ಇದಾ ನೀನು ಕಲ್ತಿದ್ದು?"

"ಅಯ್ಯೋ ಅಜ್ಜಿ, ಫೋನಿಗೆ ಮಕ ಏನು, ಬೆನ್ನೇನು!"

"ಫೋನಿಗಿಲ್ದೆ ಇರ್ಬೌದು. ನಂಗೈತೆ."

ನನಗೂ ಸಿಟ್ಟು ನೆತ್ತಿಗೇರಿತು. "ನೀನು ಮಕ ಕೊಟ್ರೆ ಅವಳಿಗೆ ಕೇಳಲ್ಲ, ಬೆನ್ನು ಹಾಕಿದ್ರೆ ಕೇಳ್ತದೆ. ಯಾವ್ದು ಬೇಕೋ ನೀನೇ ನೋಡ್ಕೊ!" ಅಂದುಬಿಟ್ಟೆ. ಅಜ್ಜಿ ಎದ್ದು ಒಳಗೆ ಹೋದಳು. ಆ ಸಂಜೆ ಫೋನನ್ನೂ ಮುಟ್ಟಲಿಲ್ಲ.

ಮಾರನೆಯ ಸಂಜೆ ನಾನು ಹಿತ್ತಲ ಬಾಗಿಲಲ್ಲಿದ್ದಾಗ ಕೃಷ್ಣಮಾಮನೇ ನನಗೆ ಫೋನು ಮಾಡಿದ. "ದೊಡ್ಡವ್ವಂಗೆ ಏನಾದ್ರೂ ಆಯ್ತೇನವ್ವ? ಅವ್ವ ನೆನ್ನೆಯಿಂದ ಮುದ್ದೆ ಮುಟ್ಟಿಲ್ಲ. ಅಕ್ಕ ಮಾತು ಬುಟ್ಬುಟ್ಲು ಅಂತ ಗೋಡೆ ನೋಡ್ಕೊಂಡು ಮಲಗವ್ಳೆ."

ಅಜ್ಜಿಗೂ ಕೇಳಿಸಿತು. ಕೈಕಾಲು ತೊಳೆದುಕೊಂಡಳು, ಸೆರಗು ಸಿಕ್ಕಿಸಿಕೊಂಡಳು, ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಮೊರಡಿಗೆ ಮುಖ ಮಾಡಿ ಕೂತಳು. ಎದುರಿಗೆ ನಮ್ಮ ತಿಪ್ಪೆ, ಅದರಾಚೆ ಮೋಟುಗೋಡೆ. ಕೆರೆ ಬೆನ್ನ ಹಿಂದೆ ಉಳಿಯಿತು. ನಾನೇ ನಂಬರು ಒತ್ತಿ, ದನಿ ಜೋರಾಗಿಟ್ಟು ಕೊಟ್ಟೆ.

"ಬೆಟ್ಟೀ... ಏನ್ ಸಾರೇ?"

"ಅಕ್ಕಾ!" ಒಂದಕ್ಷರವೂ ಮುರಿಯಲಿಲ್ಲ, ಆಮೇಲಿನ ಬಿಕ್ಕು ಕೂಡ ಇಡಿಯಾಗಿ ಬಂತು. "ಸಾರೆಂತದು ಬುಡು. ಎದುರ್ಗೇ ಕುಂತಂಗೆ ಕೇಳ್ತಾ ಐತೆ ಕಣಕ್ಕ. ಕೂಗುಗಲ್ ಮ್ಯಾಲಿದ್ದೀಯಾ?"

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ತಿಪ್ಪೆಯ ಕಡೆಗೇ ತಿರುಗಿ, "ಊ ಕಣೆ. ನಿನ್ನೇ ನೋಡ್ತಾವ್ನಿ" ಅಂದಳು.

"ಎಲ್ಲಿ, ಕೈ ಎತ್ತೆ ಮತ್ತೆ."

ಅಜ್ಜಿ ಎತ್ತಿದಳು. ಬಳೆಗಳು ಮೊಣಕೈವರೆಗೂ ಜಾರಿದವು.

"ಕಂಡ್ತು ಕಣಕ್ಕೋ," ಅಂದಳು ಕಿಟಕಿಯಿಲ್ಲದ ಕೋಣೆಯಿಂದ ಬೆಟ್ಟಮ್ಮ.

"ನಿಂದೂ ಕಂಡ್ತು," ಅಂದಳು ಅಜ್ಜಿ. ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.